80 ನಿಮಿಷಕ್ಕೆ ಹದಿನೈದು ಜನ: ಹರ್ಲಿಂಗ್ ತಂಡದ ಫಿಸಿಯೊ ಆಗಿ ನನ್ನ ಅನುಭವ

ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆದು ಆಡುವ ಐರ್ಲೆಂಡಿನ ಆಟ. ಅಲ್ಲಿ ಕ್ಲಬ್ ಪಂದ್ಯ ಅಂದರೆ 60 ನಿಮಿಷ. ತಂಡಗಳು ತಯಾರಾಗುವುದೂ ಆ 60 ನಿಮಿಷಕ್ಕೇ. ಓಟ, ಊಟ, ಬದಲಿ ಆಟಗಾರರ ಲೆಕ್ಕ, ಎಲ್ಲವೂ ಅಷ್ಟಕ್ಕೇ ಕೂಡಿಸಿದ್ದು. ಅಂಕ ಸಮವಾಗಿ ನಿಂತರೆ ಹತ್ತತ್ತು ನಿಮಿಷದ ಎರಡು ಅವಧಿ ಎಕ್ಸ್‌ಟ್ರಾ ಟೈಮ್ ಆಡಿಸುತ್ತಾರೆ. ಆ 20 ನಿಮಿಷವನ್ನು ಮೊದಲೇ ಲೆಕ್ಕ ಹಾಕಿಟ್ಟವರು ತುಂಬಾ ಕಡಿಮೆ. ತಂಡದ ಫಿಸಿಯೊ ಆಗಿ ಅದನ್ನು ಲೆಕ್ಕ ಹಾಕಿಡುವುದು ನನ್ನ ಕೆಲಸ ಅಂತ ನಾನು ಅಂದುಕೊಂಡಿದ್ದೇನೆ. ಹಾಗೆ ಲೆಕ್ಕ ಹಾಕಿಟ್ಟು ಆಡಿದ, ಒಂದೇ ಒಂದು ಅಂಕದಿಂದ ಸೋತ ಪಂದ್ಯದ ಕಥೆ ಇದು.

ನಮ್ಮದು ಪೂರ್ವ ಗಾಲ್ವೇಯ ಒಂದು ಹಳ್ಳಿ ಕ್ಲಬ್. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಗಾಲ್ವೇ ಕೌಂಟಿಯ ಪಶ್ಚಿಮ ಮತ್ತು ಉತ್ತರದಲ್ಲಿ ಐರ್ಲೆಂಡಿನದ್ದೇ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್ ಜೋರು. ಪೂರ್ವಕ್ಕೆ, ದಕ್ಷಿಣಕ್ಕೆ ಬಂದರೆ ಎಲ್ಲಿ ನೋಡಿದರೂ ಹರ್ಲಿಂಗ್. ಅಥೆನ್ರೈ, ಲಾಕ್ರೇ, ಪೋರ್ಟಮ್ನ ಸುತ್ತಮುತ್ತ ಮಕ್ಕಳು ಅಂಗಡಿಗೆ ಹೋಗುವಾಗಲೂ ಕೈಯಲ್ಲಿ ಕೋಲು ಹಿಡಿದಿರುತ್ತಾರೆ. ನಾನು ಇಲ್ಲಿಗೆ ಬಂದದ್ದು ಆಸ್ಪತ್ರೆ ಕೆಲಸಕ್ಕೆ. ಪಕ್ಕದ ಮನೆಯವರ ಮಗನ ಬೆರಳು ಮುರಿದಿತ್ತು. ಅವನಿಗೆ ವ್ಯಾಯಾಮ ಹೇಳಿಕೊಡುತ್ತಾ ಇದ್ದಾಗ ಅವನ ಅಪ್ಪ, "ಸಂಜೆ ಮೈದಾನಕ್ಕೂ ಸ್ವಲ್ಪ ಬರ್ತೀರಾ?" ಅಂತ ಕೇಳಿದರು. ಹೋದೆ. ಅಲ್ಲಿಂದ ಶುರುವಾಯಿತು. ಸಂಬಳ ಇಲ್ಲ. ಆಟಗಾರರಿಗೂ ಇಲ್ಲ, ಮ್ಯಾನೇಜರ್‌ಗೂ ಇಲ್ಲ. 1884ರಲ್ಲಿ ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಹುಟ್ಟಿದ, ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇವತ್ತಿಗೂ ಹವ್ಯಾಸಿ ಆಟಗಾರರ ಸಂಸ್ಥೆ. 82,000 ಜನ ಹಿಡಿಸುವ ಕ್ರೋಕ್ ಪಾರ್ಕಿನಲ್ಲಿ ಭಾನುವಾರ ಫೈನಲ್ ಆಡುವವನು ಕೆಲಸಕ್ಕೆ ಮಾತ್ರ ಬೇರೆ ಕಡೆ ಹೋಗಲೇಬೇಕು. ಶಾಲೆ ಮೇಷ್ಟ್ರು, ಬಡಗಿ, ರೈತ, ಹೀಗೆ.

ನನ್ನೂರು ಕೊಡಗು. ಹಾಕಿ ಸ್ಟಿಕ್ ಸದ್ದು ಕೇಳುತ್ತಲೇ ಬೆಳೆದವರು ನಾವು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಗೊತ್ತಲ್ವಾ? ಒಂದೊಂದು ಒಕ್ಕ, ಅಂದರೆ ಮನೆತನ, ಒಂದೊಂದು ತಂಡ. ಇಲ್ಲಿ ಒಕ್ಕದ ಜಾಗದಲ್ಲಿ ಪ್ಯಾರಿಷ್ ಇದೆ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ. ಸಾಮಾನ್ಯವಾಗಿ ಹುಟ್ಟಿದ ಪ್ಯಾರಿಷ್ಷಿಗೇ ಆಡುತ್ತಾರೆ. ಅಣ್ಣ ತಮ್ಮ, ಮಾವ ಅಳಿಯ ಒಂದೇ ಜೆರ್ಸಿಯಲ್ಲಿ ಇರುತ್ತಾರೆ. ಹಾಗಾಗಿ ಇದು ನನಗೆ ಪರಕೀಯ ಅನ್ನಿಸಲೇ ಇಲ್ಲ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಒಂದು ಕಡೆ 15 ಜನ. ಮೈದಾನ 130ರಿಂದ 145 ಮೀಟರ್ ಉದ್ದ, ಅಂದರೆ ಫುಟ್‌ಬಾಲ್ ಮೈದಾನಕ್ಕಿಂತ ಬಹಳ ದೊಡ್ಡದು. ಕೈಯಲ್ಲಿ ಆಶ್ ಮರದ ಹರ್ಲಿ. ಮರಕ್ಕೆ ರೋಗ ಬಂದ ಮೇಲೆ ಬಿದಿರಿನದ್ದೂ ಬಂದಿದೆ. ಚೆಂಡಿನ ಹೆಸರು ಸ್ಲಿಟರ್. ಒಳಗೆ ಕಾರ್ಕ್, ಮೇಲೆ ಚರ್ಮ, ತೂಕ 110ರಿಂದ 116 ಗ್ರಾಂ. ನೆಲದ ಮೇಲಿನ ಚೆಂಡನ್ನು ಕೈಯಿಂದ ಎತ್ತುವ ಹಾಗಿಲ್ಲ. ಕೋಲಿನಿಂದ ಎಬ್ಬಿಸಬೇಕು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಜಾಸ್ತಿ ಓಡುವ ಹಾಗಿಲ್ಲ. ಇಂಗ್ಲಿಷಿನ ಎಚ್ ಅಕ್ಷರದಂಥ ಕಂಬಗಳು. ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್, ಬಿಳಿ ಬಾವುಟ. ಕೆಳಗೆ ಬಲೆಗೆ ಹೋದರೆ ಗೋಲು, ಹಸಿರು ಬಾವುಟ, ಮೂರು ಪಾಯಿಂಟಿಗೆ ಸಮ. ಅಂಕ ಬರೆಯುವುದು 1-17 ಅಂತ. ಒಂದು ಗೋಲು, ಹದಿನೇಳು ಪಾಯಿಂಟ್, ಒಟ್ಟು 20.

ಎಕ್ಸ್‌ಟ್ರಾ ಟೈಮಿನಲ್ಲಿ ಒಂದು ನಿಯಮ ಇದೆ. ಅದನ್ನು ತಿಳಿದ ದಿನದಿಂದ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಎಕ್ಸ್‌ಟ್ರಾ ಟೈಮ್ ಶುರುವಾಗುವಾಗ ತಂಡದ ಪಟ್ಟಿಯಲ್ಲಿರುವ ಯಾವ 15 ಜನರನ್ನಾದರೂ ಇಳಿಸಬಹುದು. 40ನೇ ನಿಮಿಷಕ್ಕೆ ಹೊರಗೆ ಕರೆಸಿಕೊಂಡವನು ಮತ್ತೆ ಒಳಗೆ ಹೋಗಬಹುದು. ಫುಟ್‌ಬಾಲಿನಲ್ಲಿ ಹೊರಗೆ ಬಂದವನ ಕೆಲಸ ಮುಗಿಯಿತು. ಇಲ್ಲಿ ಮುಗಿದಿಲ್ಲ. ಆದರೆ ಹೆಚ್ಚಿನ ಕಡೆ ಏನಾಗುತ್ತದೆ? ಹೊರಗೆ ಬಂದವನು ಬೇಜಾರಿನಲ್ಲಿ ಬೆಂಚಿನ ಮೇಲೆ ಕೂರುತ್ತಾನೆ. ಒದ್ದೆ ಜೆರ್ಸಿ, ತಣ್ಣನೆ ಗಾಳಿ, ಹತ್ತೇ ನಿಮಿಷದಲ್ಲಿ ಕಾಲು ಮರಗಟ್ಟುತ್ತದೆ. ಆಮೇಲೆ ಅವನನ್ನು ಎಬ್ಬಿಸಿ ಓಡು ಅಂದರೆ ತೊಡೆಯ ಹಿಂದಿನ ಸ್ನಾಯು ಹರಿಯುವುದೇ ಸರಿ. ಹರ್ಲಿಂಗಿನಲ್ಲಿ ಅತಿ ಹೆಚ್ಚು ಕಾಣುವ ಸ್ನಾಯು ಪೆಟ್ಟು ಅದೇ, ಹ್ಯಾಮ್‌ಸ್ಟ್ರಿಂಗ್.

ಅದಕ್ಕೆ ನಾನು ಹೊರಗೆ ಬಂದವರನ್ನು ಕೂರಲು ಬಿಡುವುದಿಲ್ಲ. ಮೊದಲು ಒಣ ಅಂಗಿ, ಮೇಲೆ ದಪ್ಪ ಕೋಟು. ಬಾಳೆಹಣ್ಣು ಅಥವಾ ಜೆಲ್ಲಿ ಮಿಠಾಯಿ. ಎರಡು ನಿಮಿಷ ಉಸಿರು. ಆಮೇಲೆ ಗೆರೆಯ ಪಕ್ಕದಲ್ಲಿ ನಡೆಯುತ್ತಾ ಇರಬೇಕು, ಆಗಾಗ ಮೆಲ್ಲಗೆ ಓಡಬೇಕು. ಶುರುವಿನಲ್ಲಿ ಹುಡುಗರಿಗೆ ಸಿಟ್ಟು ಬರುತ್ತಿತ್ತು. "ನನ್ನ ಆಟ ಮುಗೀತಲ್ಲ, ಬಿಡಿ" ಅನ್ನುತ್ತಿದ್ದರು. ಈಗ ಅವರೇ ಕೋಟು ಕೇಳುತ್ತಾರೆ.

ಎಕ್ಸ್‌ಟ್ರಾ ಟೈಮ್ ಎಷ್ಟು ದೊಡ್ಡದು ಅಂತ ನನಗೆ ಮನದಟ್ಟಾದದ್ದು 2018ರ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್ ನೋಡಿದಾಗ. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನ. ಡಬ್ಲಿನ್ನಿನ ಕೂಆಲ, ಲಿಮರಿಕ್‌ನ ನಾ ಪೀರ್ಸಿ. 80 ನಿಮಿಷ ಆಡಿದ ಮೇಲೂ 1-24, 2-21. ಎರಡೂ 27. ಒಂದು ವಾರ ಬಿಟ್ಟು ಪೋರ್ಟ್‌ಲೀಷ್‌ನಲ್ಲಿ ಮತ್ತೆ ಆಡಿಸಿದರು, ಕೂಆಲ ಒಂದು ಪಾಯಿಂಟಿನಿಂದ ಗೆದ್ದಿತು. ಕೌಂಟಿ ತಂಡಗಳ 2024ರ ಅಖಿಲ ಐರ್ಲೆಂಡ್ ಫೈನಲ್ ಕೂಡ ಹಾಗೇ. ಎಕ್ಸ್‌ಟ್ರಾ ಟೈಮ್ ಮುಗಿದಾಗ ಕ್ಲೇರ್ 3-29, ಕಾರ್ಕ್ 1-34. ಕೂಡಿಸಿ ನೋಡಿ, 38ಕ್ಕೆ 37. ಇಂಥ ಪಂದ್ಯಗಳನ್ನು ಜನ ಛಲದ ಪಂದ್ಯ ಅನ್ನುತ್ತಾರೆ. ಛಲ ಎರಡೂ ಕಡೆ ಇರುತ್ತದೆ. ನಾನು ನೋಡುವುದು ಕಾಲುಗಳನ್ನು. 65ನೇ ನಿಮಿಷದಲ್ಲಿ ಯಾರ ಕಾಲು ಇನ್ನೂ ಮೇಲೇಳುತ್ತಿದೆ, ಯಾರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ, ಅದು.

ನಮ್ಮ ಪಂದ್ಯ ಕೌಂಟಿಯೊಳಗಿನ ಕ್ಲಬ್‌ಗಳ ಇಂಟರ್ಮೀಡಿಯೆಟ್ ಸೆಮಿಫೈನಲ್. ಇಂಟರ್ಮೀಡಿಯೆಟ್ ಅಂದರೆ ಸೀನಿಯರ್‌ಗಿಂತ ಕೆಳಗಿನ ದರ್ಜೆ. ಅಕ್ಟೋಬರ್. ಈಗ ಕೌಂಟಿ ತಂಡಗಳ ಆಟ ಜುಲೈಗೇ ಮುಗಿಯುವುದರಿಂದ ಕ್ಲಬ್ ಪಂದ್ಯಗಳು ಮಳೆಗಾಲದ ಬಾಯಿಗೆ ಬಂದು ಬೀಳುತ್ತವೆ. ಹಿಂದಿನ ರಾತ್ರಿ ಮಳೆ ಬಂದು ಗೋಲಿನ ಮುಂದೆ ಕೆಸರಾಗಿತ್ತು. ಒದ್ದೆ ಮೈದಾನದಲ್ಲಿ ಪ್ರತಿ ಹೆಜ್ಜೆಗೂ ಕಾಲು ಕೀಳಬೇಕು. ಕೌಂಟಿ ಮಟ್ಟದ 70 ನಿಮಿಷದ ಆಟದಲ್ಲಿ ಒಬ್ಬ ಆಟಗಾರ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತಾನೆ ಅಂತ ಜಿಪಿಎಸ್ ಅಳತೆಗಳು ಹೇಳುತ್ತವೆ. ನಮ್ಮ ಹುಡುಗರು ಅಷ್ಟು ಓಡದಿರಬಹುದು, ಆದರೆ ಕೆಸರಿನಲ್ಲಿ ಐದು ಕಿಲೋಮೀಟರ್ ಓಡಿದರೂ ಸಾಕು. ಆವತ್ತು ಗೆದ್ದವರು ಫೈನಲ್‌ಗೆ. ಸಮವಾದರೆ ಆವತ್ತೇ ತೀರ್ಮಾನ ಆಗಬೇಕು ಅಂತ ಮೊದಲೇ ಹೇಳಿದ್ದರು.

ಮೊದಲರ್ಧದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾವು ಹಿಂದೆ, ಅವರು ಮುಂದೆ, ಮತ್ತೆ ಸಮ. ಒಬ್ಬನ ಗೆಣ್ಣಿಗೆ ಪೆಟ್ಟು, ಇನ್ನೊಬ್ಬನ ಮೊಣಕೈಗೆ ಪಟ್ಟಿ.

45ನೇ ನಿಮಿಷಕ್ಕೆ ಮ್ಯಾನೇಜರ್ ನಮ್ಮ ಹಿರಿಯ ಮಿಡ್‌ಫೀಲ್ಡರನ್ನು ಹೊರಗೆ ಕರೆದರು. 36 ವರ್ಷ. ಕುರಿ ಸಾಕುವ ರೈತ. ಬೆಳಿಗ್ಗೆ ಕುರಿಗಳನ್ನು ನೋಡಿಕೊಂಡೇ ಪಂದ್ಯಕ್ಕೆ ಬಂದವನು. ಅವನ ಉಸಿರು ಹೋಗಿತ್ತು, ಸ್ನಾಯುಗಳು ಚೆನ್ನಾಗಿದ್ದವು. ಇವೆರಡರ ವ್ಯತ್ಯಾಸ ಗೆರೆಯಾಚೆ ನಿಂತವರಿಗೆ ಸುಲಭವಾಗಿ ಕಾಣುವುದಿಲ್ಲ. ಉಸಿರು ಹತ್ತು ನಿಮಿಷದಲ್ಲಿ ವಾಪಸ್ ಬರುತ್ತದೆ. ಹರಿಯುವ ಹಂತಕ್ಕೆ ಬಂದ ಸ್ನಾಯು ಆವತ್ತು ವಾಪಸ್ ಬರುವುದಿಲ್ಲ. ನಾನು ಅವನಿಗೆ ಕೋಟು ಹೊದಿಸಿ, ಸಕ್ಕರೆ ಜಾಸ್ತಿ ಹಾಕಿದ ಟೀ ಕೊಟ್ಟೆ. "ನಡೀತಾ ಇರು. ನೀನು ಮತ್ತೆ ಬೇಕಾಗ್ತೀಯ" ಅಂದೆ. ಅವನು ಸ್ಕೋರ್‌ಬೋರ್ಡ್ ನೋಡಿ ತಲೆಯಾಡಿಸಿದ. ಆಗ ಇಬ್ಬರ ನಡುವೆ ಇದ್ದದ್ದು ಎರಡೇ ಪಾಯಿಂಟ್.

50ನೇ ನಿಮಿಷಕ್ಕೆ ಅಂತರ ಮೂರು ಪಾಯಿಂಟಿನ ಒಳಗಿದ್ದರೆ ನಾನು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆಯುತ್ತೇನೆ. ಪಟ್ಟಿಯಲ್ಲಿರುವ ಎಲ್ಲರ ಹೆಸರು ಅದರಲ್ಲಿ ಮೊದಲೇ ಬರೆದಿರುತ್ತದೆ. ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು: 20 ನಿಮಿಷ ತಡೆಯುತ್ತಾನೆ, 10 ನಿಮಿಷ ತಡೆಯುತ್ತಾನೆ, ಬೇಡ. ಗುರುತು ಹಾಕುವುದು ಆಟ ನೋಡಿ ಅಲ್ಲ. ಚೆಂಡು ದೂರ ಇದ್ದಾಗ ಅವನು ಹೇಗೆ ನಿಂತಿದ್ದಾನೆ ಅಂತ ನೋಡಿ. ಮೀನಖಂಡ ಅಲ್ಲಾಡಿಸುತ್ತಿದ್ದಾನಾ? ಓಡಿ ನಿಂತ ಮೇಲೆ ಕೋಲನ್ನು ಊರುಗೋಲಿನ ಹಾಗೆ ಹಿಡಿಯುತ್ತಿದ್ದಾನಾ? ಓಡುವಾಗ ಹೆಜ್ಜೆ ಚಿಕ್ಕದಾಗಿದೆಯಾ? ಚೆಂಡಿನ ಹಿಂದೆ ಇರುವಾಗ ಎಲ್ಲರೂ ಹುಲಿಗಳೇ. ಚೆಂಡು ಇಲ್ಲದಾಗಲೇ ಮೈ ನಿಜ ಹೇಳುವುದು.

54ನೇ ನಿಮಿಷ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತಕ್ಕೆ ಫ್ರೀ ಅನ್ನುತ್ತಾರೆ. ನಮ್ಮ ಫ್ರೀ ಹೊಡೆಯುವ ಹುಡುಗ ಎತ್ತರದ ಚೆಂಡಿಗೆ ಹಾರಿದ. ಇನ್ನೊಬ್ಬನ ಮೊಣಕೈ ಅವನ ಹೆಲ್ಮೆಟ್ಟಿಗೆ ತಾಗಿತು, ಬೀಳುವಾಗ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಯಾರ ತಪ್ಪೂ ಅಲ್ಲ. ಎರಡು ಕಡೆಯವರೂ ಚೆಂಡನ್ನೇ ನೋಡುತ್ತಿದ್ದರು. ರೆಫರಿ ಕೈ ಎತ್ತಿದ ತಕ್ಷಣ ನಾನು ಒಳಗೆ ಓಡಿದೆ.

ತಲೆಗೆ ಪೆಟ್ಟು ಬಿದ್ದವನ ಹತ್ತಿರ ಹೋದಾಗ ನನ್ನ ಮೊದಲ ಚಿಂತೆ ಕುತ್ತಿಗೆ. ಹೆಲ್ಮೆಟ್ ಎಳೆಯುವುದಿಲ್ಲ, ಕೂರಿಸುವುದಿಲ್ಲ. ಕೈ ಬೆರಳು, ಕಾಲ್ಬೆರಳು ಅಲ್ಲಾಡುತ್ತಾ, ಜೋಮು ಇದೆಯಾ, ಕುತ್ತಿಗೆ ಮೂಳೆ ಮೇಲೆ ಒತ್ತಿದರೆ ನೋವಾ ಅಂತ ಕೇಳುತ್ತೇನೆ. ಅದೆಲ್ಲ ಸರಿ ಇತ್ತು. ಆಮೇಲೆ ನಿಧಾನ ಕೂರಿಸಿದೆ. ಮೈದಾನದ ಬದಿಯಲ್ಲಿ ಕೇಳಲೆಂದೇ ಇರುವ ಐದು ಪ್ರಶ್ನೆಗಳಿವೆ. ಈಗ ಯಾವ ಮೈದಾನದಲ್ಲಿದ್ದೀಯ? ಇದು ಮೊದಲರ್ಧವೋ ಎರಡನೆಯದೋ? ಕೊನೆಗೆ ಅಂಕ ಗಳಿಸಿದವರು ಯಾರು? ಹಿಂದಿನ ಪಂದ್ಯ ಯಾರ ಜೊತೆ? ಅದರಲ್ಲಿ ಗೆದ್ದಿರಾ? ಮೈದಾನದ ಹೆಸರು ಹೇಳಿದ. ಎರಡನೇ ಅರ್ಧ ಅಂದ. ಕೊನೆಯ ಪಾಯಿಂಟ್ ಯಾರದು ಅಂದರೆ ಸುಮ್ಮನಾದ. ಅದನ್ನು ಹೊಡೆದವನು ಅವನೇ.

ನಾನು ಬೆಂಚಿನ ಕಡೆ ಕೈ ತಿರುಗಿಸಿ ತೋರಿಸಿದೆ. ಬದಲಿ ಬೇಕು.

"ನಂಗೇನೂ ಆಗಿಲ್ಲ. ಒಂದು ನಿಮಿಷ ಕೊಡಿ" ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ. ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಘಾತ, ಆದವನಿಗೆ ತನಗೆ ಅದು ಆಗಿದೆ ಅಂತ ತಿಳಿಯುವ ಬುದ್ಧಿಯೇ ಆ ಹೊತ್ತಿಗೆ ಮಂಕಾಗಿರುತ್ತದೆ. ಹೆಲ್ಮೆಟ್ ಇದ್ದರೆ ಕನ್ಕಷನ್ ಆಗುವುದಿಲ್ಲ ಅನ್ನುವ ನಂಬಿಕೆಯೂ ತುಂಬಾ ಜನರಿಗೆ ಇದೆ. 2010ರಿಂದ ವಯಸ್ಕರಿಗೂ ಹೆಲ್ಮೆಟ್ ಕಡ್ಡಾಯ ಆಯಿತು. ಅದರಿಂದ ಕಣ್ಣು, ಹಲ್ಲು, ತಲೆಬುರುಡೆ ಉಳಿದಿವೆ. ಒಳಗೆ ಮಿದುಳು ಅಲುಗಾಡುವುದನ್ನು ಅದು ತಡೆಯುವುದಿಲ್ಲ. ಸಂಸ್ಥೆಯ ಮಾತು ಸ್ಪಷ್ಟವಾಗಿದೆ: ಅನುಮಾನ ಬಂದರೆ ಹೊರಗೆ ಕೂರಿಸಿ, ಆ ದಿನ ಮತ್ತೆ ಇಳಿಸಬೇಡಿ.

ಅವನು ಹೊರಗೆ ಬಂದ ಮೇಲೆ ನಾನು ಅವನ ಹರ್ಲಿ ತೆಗೆದುಕೊಂಡು ಕಿಟ್ ಚೀಲದ ಹಿಂದೆ ಇಟ್ಟೆ. ಇದು ನಾನು ರೂಢಿಸಿಕೊಂಡ ಪದ್ಧತಿ. ಕೋಲು ಕೈಯಲ್ಲಿದ್ದರೆ ಆಟಗಾರ ಯಾವ ಗಳಿಗೆಯಲ್ಲಾದರೂ ಗೆರೆ ದಾಟಿ ಓಡಿಬಿಡುತ್ತಾನೆ.

60 ನಿಮಿಷ ಮುಗಿಯುವಾಗ ನಾವು ಒಂದು ಪಾಯಿಂಟ್ ಹಿಂದೆ. ಹೆಚ್ಚಿಗೆ ಕೊಟ್ಟ ನಿಮಿಷಗಳಲ್ಲಿ ನಮ್ಮ ಸೆಂಟರ್ ಬ್ಯಾಕ್ 70 ಮೀಟರ್ ದೂರದಿಂದ ಹೊಡೆದ ಚೆಂಡು ಗಾಳಿಯಲ್ಲಿ ಬಾಗಿ ಬಾಗಿ ಕಂಬದ ಒಳಗೆ ಹೋಯಿತು. ಬಿಳಿ ಬಾವುಟ. ನಮ್ಮದು 1-17, ಅವರದು 2-14. ಸೀಟಿ.

ಈಗ ಸಿಕ್ಕ ಬಿಡುವು ಕೆಲವೇ ನಿಮಿಷ. ಹೆಚ್ಚಿನ ತಂಡಗಳು ಈ ಹೊತ್ತನ್ನು ಕೂಗಾಡಿ ಕಳೆಯುತ್ತವೆ. ನಮ್ಮಲ್ಲಿ ಹಾಗಾಗಬಾರದು ಅಂತ ಸೀಸನ್ ಶುರುವಿನಲ್ಲೇ ಮ್ಯಾನೇಜರ್ ಹತ್ತಿರ ಮಾತಾಡಿಕೊಂಡಿದ್ದೆ. ಮೊದಲ ಭಾಗ ನನ್ನದು, ಉಳಿದದ್ದು ಅವರದು. ನನ್ನ ಭಾಗದಲ್ಲಿ ಯಾರೂ ಭಾಷಣ ಮಾಡುವ ಹಾಗಿಲ್ಲ. ಹುಡುಗರು ಅರ್ಧವೃತ್ತದಲ್ಲಿ ನಿಲ್ಲುತ್ತಾರೆ, ಕೂರುವುದಿಲ್ಲ. ಒಬ್ಬೊಬ್ಬರ ಕೈಗೆ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ, ಜೊತೆಗೆ ಜೆಲ್ಲಿ ಮಿಠಾಯಿ. ಇಷ್ಟು ಹೊತ್ತಿನ ಆಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು. ಅರ್ಧ ಲೀಟರಿನ ಬಾಟಲಿಯಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಬರೀ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡರೆ ಓಡುವಾಗ ಕುಲುಕುವುದಷ್ಟೇ.

ಸೆಳೆತದ ಮಾತು ಇಲ್ಲಿ ಹೇಳಬೇಕು. ಕಾಲು ಹಿಡಿದುಕೊಂಡಿತು ಅಂದರೆ ಉಪ್ಪು ಕಡಿಮೆಯಾಗಿದೆ, ನೀರು ಕಡಿಮೆಯಾಗಿದೆ ಅಂತ ನಮ್ಮೂರಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ಅದೂ ಒಂದು ಕಾರಣ ಇರಬಹುದು. ಆದರೆ ಆಟದ ಕೊನೆಯಲ್ಲಿ ಬರುವ ಸೆಳೆತಕ್ಕೆ ಮುಖ್ಯವಾಗಿ ದಣಿವು ಕಾರಣ ಅನ್ನುವ ಕಡೆಗೇ ನನ್ನ ಓದು, ಅನುಭವ ಎರಡೂ ವಾಲುತ್ತವೆ. ದಣಿದ ಸ್ನಾಯುವಿಗೆ "ಬಿಗಿ" ಅನ್ನುವ ನರದ ಸಂದೇಶ ಹೆಚ್ಚಾಗುತ್ತದೆ, "ಸಡಿಲ" ಅನ್ನುವ ಸಂದೇಶ ಕಡಿಮೆಯಾಗುತ್ತದೆ. ಅದಕ್ಕೇ ಎಳೆದು ಹಿಗ್ಗಿಸಿದ ತಕ್ಷಣ ಬಿಡುತ್ತದೆ. ಮೀನಖಂಡಕ್ಕಾದರೆ ಮಂಡಿ ನೇರ ಮಾಡಿ, ಪಾದದ ತುದಿಯನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿಯಬೇಕು. ಜರ್ಕ್ ಕೊಡಬಾರದು, ತಿಕ್ಕಬಾರದು, ಹಿಡಿದು ಸುಮ್ಮನಿರಬೇಕು. ನನ್ನ ಚೀಲದಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರಿನ ಪುಟ್ಟ ಬಾಟಲಿಗಳೂ ಇರುತ್ತವೆ. ಒಂದು ಗುಟುಕು ಸಾಕು. ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವ ಮೊದಲೇ ಸೆಳೆತ ಬಿಡುತ್ತದೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಬಾಯಿ, ಗಂಟಲಿಗೆ ಹುಳಿ ತಾಗಿದಾಗ ಹೋಗುವ ನರದ ಸಂದೇಶವೇ ಆ ಬಿಗಿಯನ್ನು ತಗ್ಗಿಸುತ್ತದೆ ಅನ್ನುವುದು ಅವರ ವಿವರಣೆ. ಆವತ್ತು ನಾಲ್ವರಿಗೆ ಕೊಟ್ಟೆ. ಎಲ್ಲರ ಮುಖ ಕಿವುಚಿತು, ಕಾಲು ಬಿಟ್ಟಿತು.

ಇಷ್ಟಾದ ಮೇಲೆ ನೋಟ್‌ಬುಕ್ ತೆರೆದು ಮ್ಯಾನೇಜರ್ ಪಕ್ಕ ನಿಂತೆ. ಮೂವರ ಹೆಸರಿನ ಮುಂದೆ "ಬೇಡ" ಇತ್ತು. ಒಬ್ಬ ಕಾರ್ನರ್ ಬ್ಯಾಕ್, ಅವನ ಎರಡೂ ಮೀನಖಂಡ ಹೋಗಿದ್ದವು. ಒಬ್ಬ ಹಾಫ್ ಫಾರ್ವರ್ಡ್, ಬಲ ತೊಡೆಯ ಹಿಂದೆ ಒತ್ತಿದರೆ ಮುಖ ಹಿಂಡುತ್ತಿದ್ದ. ಮೂರನೆಯವನು ಫ್ರೀ ಹೊಡೆಯುವ ಹುಡುಗ.

ಮೊದಲಿಬ್ಬರ ಬಗ್ಗೆ ಮ್ಯಾನೇಜರ್ ಏನೂ ಹೇಳಲಿಲ್ಲ. ಹಿರಿಯ ಮಿಡ್‌ಫೀಲ್ಡರ್ ಮತ್ತೆ ಒಳಗೆ ಅಂದಾಗ ಖುಷಿಯಾದರು. ಮೂರನೇ ಹೆಸರಿಗೆ ಬಂದಾಗ ಮಾತು ನಿಂತಿತು.

ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಹುಡುಗ ಆವತ್ತು ತಪ್ಪಿಸಿದ್ದು ಒಂದೇ ಫ್ರೀ. ಎಕ್ಸ್‌ಟ್ರಾ ಟೈಮಿನಲ್ಲಿ ಕಾಲು ಸೋತವರು ತಪ್ಪು ಮಾಡುತ್ತಾರೆ, ಫ್ರೀ ಜಾಸ್ತಿ ಸಿಗುತ್ತದೆ, ಹೊಡೆಯುವವನು ಇದ್ದರೆ ಪಂದ್ಯ ಕೈಯಲ್ಲಿರುತ್ತದೆ. ಯಾರನ್ನಾದರೂ ಇಳಿಸಬಹುದು ಅನ್ನುವ ಅದೇ ನಿಯಮ ಈಗ ನನ್ನ ವಿರುದ್ಧ ನಿಂತಿತ್ತು. ಅವನ ಹೆಸರು ಪಟ್ಟಿಯಲ್ಲಿದೆ. ಅವನು ಎದ್ದು ನಿಂತಿದ್ದಾನೆ, ನಗುತ್ತಿದ್ದಾನೆ, ಹತ್ತು ನಿಮಿಷದಿಂದ ಚೆನ್ನಾಗಿಯೇ ಮಾತಾಡುತ್ತಿದ್ದಾನೆ. ಆಯ್ಕೆ ಸಮಿತಿಯ ಒಬ್ಬರು ಬಂದು, "ಬರೀ ಫ್ರೀ ಹೊಡೆಯೋಕೆ ನಿಲ್ಲಿಸೋಣ, ಓಡೋದು ಬೇಡ" ಅಂದರು. ಹುಡುಗನೂ ಅದನ್ನೇ ಹೇಳಿದ. "ನಾನು ಮೂಲೆಯಲ್ಲಿ ನಿಂತಿರ್ತೀನಿ. ಯಾರ ಜೊತೆಗೂ ಗುದ್ದಾಡಲ್ಲ."

ಹರ್ಲಿಂಗಿನಲ್ಲಿ ಗುದ್ದಾಟವಿಲ್ಲದ ಮೂಲೆ ಇಲ್ಲ. ಗಂಟೆಗೆ ನೂರು ಕಿಲೋಮೀಟರಿಗಿಂತ ವೇಗವಾಗಿ ಬರುವ ಚೆಂಡು, ತಲೆಯ ಮಟ್ಟದಲ್ಲಿ ಬೀಸುವ ಕೋಲು. ಇನ್ನೂ ಚೇತರಿಸದ ಮಿದುಳಿಗೆ ಎರಡನೇ ಪೆಟ್ಟು ಬಿದ್ದರೆ ಏನಾಗಬಹುದು ಅಂತ ಕಲಿಯುವಾಗಲೇ ಓದಿದ್ದೇನೆ. ಅಪರೂಪ ನಿಜ, ಆದರೆ ಅದು ಚಿಕ್ಕ ವಯಸ್ಸಿನವರಲ್ಲೇ ಕಾಣುವುದು. ಇವನಿಗೆ 19 ವರ್ಷ.

ನಾನು ಗಟ್ಟಿಯಾಗಿ ಏನೂ ಹೇಳಲಿಲ್ಲ. ಹುಡುಗನ ಕಡೆ ತಿರುಗಿ, ಕೊನೆಯ ಪಾಯಿಂಟ್ ಯಾರು ಹೊಡೆದರು ಅಂತ ಮತ್ತೆ ಕೇಳಿದೆ. ಸೆಂಟರ್ ಬ್ಯಾಕ್ ಅಂದ. ಅದು ಆಗಷ್ಟೇ ಎಲ್ಲರ ಕಣ್ಣೆದುರು ಆದದ್ದು. ಅದಕ್ಕಿಂತ ಮೊದಲು ನೀನು ಹೊಡೆದ ಪಾಯಿಂಟ್ ಹೇಗೆ ಬಂತು ಹೇಳು ಅಂದೆ. ಅವನಿಗೆ ಅದು ನೆನಪಿರಲೇ ಇಲ್ಲ. ಮ್ಯಾನೇಜರ್ ಅವನ ಮುಖ ನೋಡಿದರು. ಆಮೇಲೆ ಪಟ್ಟಿಯಲ್ಲಿ ಬೇರೆ ಹೆಸರು ಬರೆದರು. ಆಯ್ಕೆ ಸಮಿತಿಯವರ ಜೊತೆ ಆ ವಿಷಯ ಮತ್ತೆ ಎತ್ತಲೂ ಇಲ್ಲ. ಆ ಮ್ಯಾನೇಜರ್ ಬಗ್ಗೆ ನನಗಿರುವ ಗೌರವ ಆ ಒಂದು ಗಳಿಗೆಯಿಂದ ಬಂದದ್ದು. ಫಿಸಿಯೊ ಬೇಡ ಅಂದ ಮೇಲೂ ಆಟಗಾರನನ್ನು ಇಳಿಸುವ ತಂಡಗಳ ಬಗ್ಗೆ ಬೇರೆ ಕಡೆ ಕೆಲಸ ಮಾಡುವ ಸ್ನೇಹಿತರು ಹೇಳಿದ್ದನ್ನು ಕೇಳಿದ್ದೇನೆ.

ಎಕ್ಸ್‌ಟ್ರಾ ಟೈಮ್ ಶುರುವಾಯಿತು. ಮೊದಲ ಚೆಂಡು ಹಿಡಿದವನು ನಮ್ಮ 36ರ ರೈತ. ಎದುರು ತಂಡದ ಮಿಡ್‌ಫೀಲ್ಡರ್ 60 ನಿಮಿಷ ಬಿಡದೆ ಆಡಿದವನು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು. ಇವನ ಹಿಂದೆ ಓಡಿ ನಿಂತುಬಿಟ್ಟ. ಕಾಲು ಬರಲಿಲ್ಲ. ರೈತ ನಾಲ್ಕು ಹೆಜ್ಜೆ ಹಾಕಿ ಹೊಡೆದ, ಪಾಯಿಂಟ್. ಮುಂದಿನ ಐದು ನಿಮಿಷದಲ್ಲಿ ಅವನು ಒಂದು ಹುಕ್ ಮಾಡಿದ, ಅಂದರೆ ಹಿಂದಿನಿಂದ ಕೋಲು ಚಾಚಿ ಎದುರಾಳಿಯ ಬೀಸನ್ನು ತಡೆದ. ಅದು ಗೋಲಾಗಬಹುದಾಗಿದ್ದ ಹೊಡೆತ. ನಾನು ಬೆಂಚಿನ ಪಕ್ಕ ನಿಂತು ಅವನ ಹೆಜ್ಜೆಯ ಉದ್ದವನ್ನೇ ನೋಡುತ್ತಿದ್ದೆ. ಚಿಕ್ಕದಾಗಲಿಲ್ಲ.

ಅಷ್ಟರಲ್ಲಿ ನಮಗೆ 40 ಮೀಟರಿನಲ್ಲಿ ಫ್ರೀ ಸಿಕ್ಕಿತು. ಹೊಡೆಯಲು ಬಂದವನು ನಮ್ಮ ಎರಡನೇ ಆಯ್ಕೆ, ಪ್ರಾಥಮಿಕ ಶಾಲೆಯ ಮೇಷ್ಟ್ರು. ತರಬೇತಿ ಮುಗಿದ ಮೇಲೂ ಒಬ್ಬನೇ ನಿಂತು ಫ್ರೀ ಅಭ್ಯಾಸ ಮಾಡುವವನು. ಆದರೆ ಕಾಲು ಸೋತ ಮೇಲೆ ಅಭ್ಯಾಸಕ್ಕೂ ಒಂದು ಮಿತಿ ಇದೆ. ಫ್ರೀ ಹೊಡೆತದ ಬಲ ಕೈಯಿಂದ ಮಾತ್ರ ಬರುವುದಿಲ್ಲ. ಮುಂದಿನ ಕಾಲು ನೆಲಕ್ಕೆ ಗಟ್ಟಿಯಾಗಿ ಊರಬೇಕು, ಸೊಂಟ ಅದರ ಮೇಲೆ ತಿರುಗಬೇಕು. ಅವನ ಮಂಡಿ ಸ್ವಲ್ಪ ಬಾಗಿತು. ಚೆಂಡು ಬಲಗಡೆ ಹೊರಕ್ಕೆ ಹೋಯಿತು. ಮೊದಲ ಹತ್ತು ನಿಮಿಷ ಮುಗಿದಾಗ ನಮ್ಮದು 1-19, ಅವರದು 2-17. ಒಂದು ಪಾಯಿಂಟ್ ಹಿಂದೆ.

ಹುಡುಗ ನನ್ನ ಪಕ್ಕದಲ್ಲೇ ಇದ್ದ. ತಲೆನೋವು ಶುರುವಾಗಿದೆ ಅಂದ. ಬೆಳಕು ಚುಚ್ಚುತ್ತದೆ ಅಂತ ಟೋಪಿ ಕೇಳಿದ. ಆಗ ನನಗೆ ಒಳಗೆ ಒಂದು ಗಂಟು ಸಡಿಲವಾದ ಹಾಗಾಯಿತು. ನಾನು ಸರಿ ಅಂತ ಸಾಬೀತಾದ ಖುಷಿ ಅಲ್ಲ ಅದು. ಅವನು ಆ ಗೆರೆಯ ಒಳಗೆ ಇಲ್ಲವಲ್ಲ ಅನ್ನುವ ಸಮಾಧಾನ. ಅವನನ್ನು ನೋಡಿಕೊಳ್ಳಲು ಕ್ಲಬ್ಬಿನ ಇನ್ನೊಬ್ಬ ಪ್ರಥಮ ಚಿಕಿತ್ಸಕಿಯನ್ನು ಕೂರಿಸಿ ನಾನು ಆಟದ ಕಡೆ ತಿರುಗಿದೆ.

ಎರಡನೇ ಹತ್ತು ನಿಮಿಷ ಪೂರ್ತಿ ಕೆಸರಿನಲ್ಲಿ ಕಳೆಯಿತು. ಯಾರ ಕೈಗೂ ಚೆಂಡು ಸರಿಯಾಗಿ ಹತ್ತುತ್ತಿರಲಿಲ್ಲ. ಸೆಳೆತ ಬಂದು ಬಿದ್ದವರನ್ನು ಎದುರು ತಂಡದ ಆಟಗಾರರೇ ಕಾಲು ಹಿಡಿದು ಎಳೆಯುತ್ತಿದ್ದರು. ಇದು ಈ ಆಟದಲ್ಲಿ ನನಗೆ ತುಂಬಾ ಇಷ್ಟವಾಗುವ ದೃಶ್ಯ. ಅರ್ಧ ನಿಮಿಷದ ಹಿಂದೆ ಭುಜಕ್ಕೆ ಭುಜ ಕೊಟ್ಟು ಕೆಡವಿದವನೇ ಮಂಡಿಯೂರಿ ಕೂತು ಪಾದ ಒತ್ತುತ್ತಾನೆ. ಅವರು ಒಂದು ಹೊಡೆದರು, ನಾವು ಎರಡು ಹೊಡೆದು ಸಮ ಮಾಡಿದೆವು. 1-21, 2-18. ಆಮೇಲೆ ಅವರ ಬೆಂಚಿನಿಂದ ಬಂದ ಒಬ್ಬ ಹುಡುಗ, ಆವತ್ತು ಮೊದಲ ಸಲ ಚೆಂಡು ಮುಟ್ಟಿದವನು, ಸೈಡ್‌ಲೈನಿನ ಹತ್ತಿರದಿಂದ ಓಡುತ್ತಲೇ ಹೊಡೆದ. ಅವನ ಹಿಂದೆ ಓಡಿದ ನಮ್ಮವನ ಹೆಸರಿನ ಮುಂದೆ ನಾನು "10 ನಿಮಿಷ" ಅಂತ ಗುರುತು ಹಾಕಿದ್ದೆ. ಆಗ ಹದಿನೇಳನೇ ನಿಮಿಷ ನಡೆಯುತ್ತಿತ್ತು. ಅವನ ಜಾಗಕ್ಕೆ ಕಳಿಸಲು ಬೆಂಚಿನಲ್ಲಿ ಬ್ಯಾಕ್ ಆಡುವವರು ಯಾರೂ ಉಳಿದಿರಲಿಲ್ಲ. 2-19.

ಕೊನೆಯ ನಿಮಿಷದಲ್ಲಿ ನಮಗೆ ಮತ್ತೊಂದು ಫ್ರೀ. ಸುಮಾರು 60 ಮೀಟರ್, ಎದುರು ಗಾಳಿ. ಮೇಷ್ಟ್ರು ನೇರವಾಗಿಯೇ ಹೊಡೆದ. ಚೆಂಡು ಅಡ್ಡಪಟ್ಟಿಗೆ ಸ್ವಲ್ಪ ಮೊದಲೇ ಇಳಿಯಿತು, ಅವರ ಗೋಲ್‌ಕೀಪರ್ ಹಿಡಿದು ದೂರಕ್ಕೆ ಅಟ್ಟಿದ. ಸೀಟಿ. 25ಕ್ಕೆ 24.

ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಕೆಲಸ ನಿಲ್ಲುವುದಿಲ್ಲ. ಯಾರು ಅಳುತ್ತಿದ್ದರೂ ಸೆಳೆತ ಬಂದವರ ಕಾಲು ಹಿಗ್ಗಿಸಬೇಕು, ಒದ್ದೆ ಬಟ್ಟೆ ತೆಗೆಸಬೇಕು, ಏನಾದರೂ ತಿನ್ನಿಸಬೇಕು. ಮೇಷ್ಟ್ರು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹುಡುಗ ಎದ್ದು ಹೋಗಿ ಅವನ ಪಕ್ಕ ಕೂತ. ಇಬ್ಬರೂ ಮಾತಾಡಲಿಲ್ಲ. ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಅವನು ಇದ್ದಿದ್ರೆ ಗೆಲ್ತಿದ್ವಿ" ಅಂದರು. ಹೌದು, ಗೆಲ್ಲುತ್ತಿದ್ದೆವು ಅಂತ ನನಗೂ ಅನ್ನಿಸುತ್ತದೆ. ಆ ಎರಡು ಫ್ರೀಗಳಲ್ಲಿ ಒಂದನ್ನಾದರೂ ಅವನು ಹೊಡೆಯುತ್ತಿದ್ದ. ನಾನು ಅವರಿಗೂ ಹಾಗೇ ಹೇಳಿದೆ. ನಾಳೆ ಇದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ ಅಂತಲೂ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದವನಿಗೆ ಒಂದು ಬಕೆಟ್ ನೀರು ಸುರಿದು ಮತ್ತೆ ಕಳಿಸುತ್ತಿದ್ದರಂತೆ.

ಹುಡುಗನ ಅಮ್ಮ ಕಾರಿನ ಹತ್ತಿರ ಕಾಯುತ್ತಿದ್ದರು. ಮೊದಲ 24 ಗಂಟೆ ಅವನನ್ನು ಒಬ್ಬನೇ ಬಿಡಬೇಡಿ, ಗಾಡಿ ಓಡಿಸಬಾರದು, ಕುಡಿಯಬಾರದು, ವಾಂತಿಯಾದರೆ ಅಥವಾ ತಲೆನೋವು ಹೆಚ್ಚಾಗುತ್ತಾ ಹೋದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಹೇಳಿ, ಬರೆದೂ ಕೊಟ್ಟೆ. ಇಂಥ ಹೊತ್ತಿನಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಒಂದೆರಡು ದಿನ ವಿಶ್ರಾಂತಿ. ಆಮೇಲೆ ನಡಿಗೆ, ಮೆಲ್ಲಗೆ ಓಟ, ಗೋಡೆಗೆ ಚೆಂಡು ಹೊಡೆಯುವುದು, ತಂಡದ ಜೊತೆ ಮುಟ್ಟಾಟವಿಲ್ಲದ ಅಭ್ಯಾಸ. ಪ್ರತಿ ಹಂತಕ್ಕೂ ಲಕ್ಷಣ ಇರಬಾರದು, ಬಂದರೆ ಒಂದು ಹಂತ ಹಿಂದಕ್ಕೆ. ವೈದ್ಯರು ಸರಿ ಅಂದ ಮೇಲಷ್ಟೇ ಪೂರ್ತಿ ಆಟ. ಮೊದಲ ವಾರ ಪುಸ್ತಕ ಓದಿದರೆ ತಲೆ ಭಾರ ಅನ್ನುತ್ತಿದ್ದ, ಕಾಲೇಜಿಗೂ ಹೋಗಲಿಲ್ಲ. ಆಮೇಲೆ ನಿಧಾನಕ್ಕೆ ಸರಿಹೋದ.

ಆ ಪಂದ್ಯದ ನಂತರ ಕ್ಲಬ್ ಕೆಲವು ಬದಲಾವಣೆಗಳನ್ನು ಒಪ್ಪಿತು. ತರಬೇತಿಯ ಕೊನೆಯಲ್ಲಿ, ಎಲ್ಲರೂ ದಣಿದ ಮೇಲೆ, ಮೂವರು ಫ್ರೀ ಹೊಡೆಯುವ ಅಭ್ಯಾಸ ಮಾಡುತ್ತಾರೆ. ಕಾಲು ತಾಜಾ ಇರುವಾಗ ಹೊಡೆಯುವುದು ಬೇರೆ, ಸೋತಾಗ ಹೊಡೆಯುವುದು ಬೇರೆ. ಮೇಷ್ಟ್ರು ಮೊದಲಿಗ, ಹುಡುಗ ಎರಡನೆಯವನು, ಮೂರನೆಯವನು ನಮ್ಮ ಗೋಲ್‌ಕೀಪರ್. ಬದಲಿ ಆಟಗಾರರನ್ನು ಬಳಸುವಾಗ ಒಬ್ಬ ಬ್ಯಾಕ್‌ನನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು ಅಂತ ಮ್ಯಾನೇಜರ್ ತಾವೇ ನಿರ್ಧರಿಸಿದರು. ಪ್ರಥಮ ಚಿಕಿತ್ಸೆಗೆ ಪ್ರತಿ ಪಂದ್ಯಕ್ಕೂ ಇಬ್ಬರು ಇರಬೇಕು ಅಂತ ನಾನು ಕೇಳಿದ್ದೆ, ಅದಕ್ಕೂ ಒಪ್ಪಿದರು. ಒಬ್ಬರು ಪೆಟ್ಟಾದವನ ಜೊತೆ, ಇನ್ನೊಬ್ಬರು ಆಟದ ಜೊತೆ. ಪ್ರಥಮ ಚಿಕಿತ್ಸೆ ಕಲಿಯಲು ಮುಂದೆ ಬಂದವರಲ್ಲಿ ಮೊದಲಿಗರು ಆ ಹುಡುಗನ ಅಮ್ಮ. ಕುರಿ ಸಾಕುವ ರೈತ ಇನ್ನೊಂದು ಸೀಸನ್ ಆಡುತ್ತೇನೆ ಅಂದಿದ್ದಾನೆ. ಅವನ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮದ ಪಟ್ಟಿ ಹೋದ ವಾರ ಬರೆದು ಕೊಟ್ಟೆ.